ಅಮ್ಮ ಹೋಗುವ ತನಕ ಅಂಬಲಿ

ಗಾಳೆಮ್ಮನ ಮೈಮೇಲಿನ ದಡಾರ ಆರಿ ವಾರವಾಗಿತ್ತು. ಆದರೂ ಅವಳ ಗಂಗಾಳಕ್ಕೆ ಜೋಳದ ಅಂಬಲಿ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಸಂತೆಕಲ್ಲೂರಿನಲ್ಲಿ ದಡಾರವೆಂದರೆ ಮನೆಗೆ ಅಮ್ಮ ಬಂದಂತೆ. ಬೇವಿನ ನೀರೆರೆದು ಅಮ್ಮನನ್ನು ಕಳಿಸುವ ತನಕ ಮನೆಯಲ್ಲಿ ಒಗ್ಗರಣೆಯಿಲ್ಲ, ಸೊಪ್ಪಿಲ್ಲ, ಬಾಡಿಲ್ಲ. ಮಂಗಳವಾರ ಕಳಿಸಬೇಕು ಎನ್ನುವಷ್ಟರಲ್ಲಿ ತೊಟ್ಟಿಲಲ್ಲಿದ್ದ ತಮ್ಮನಿಗೂ ಮೈತುಂಬ ಗುಳ್ಳೆ ಎದ್ದವು. ಒಬ್ಬರ ಮೈಮೇಲೆ ಅಮ್ಮ ಇರುವಾಗ ಇನ್ನೊಬ್ಬರಿಗೆ ನೀರೆರೆಯುವಂತಿಲ್ಲ.

ಹೊತ್ತು ಮುಳುಗಿದೊಡನೆ ಹುಡುಗಿ ಗಂಗಾಳವನ್ನು ತಡವಿ ಹುಡುಕುವುದು ತಾಯಿ ಯಮನಮ್ಮನ ಕಣ್ಣಿಗೆ ಬಿತ್ತು.

"ಅತ್ತಿ, ತಡಕ್ಯಾಡಾಕತ್ತಾಳ ನೋಡ್ರಿ."

"ಹೊತ್ತು ಮುಣುಗಿದ ಮ್ಯಾಲೆ ನನಗೂ ಕಾಣಂಗಿಲ್ಲ," ಎಂದಳು ಅತ್ತೆ ಮುದುಕಮ್ಮ. "ನನ್ನ ಯಾವ ದವಾಖಾನಿಗೆ ಒಯ್ದೀದಿ?"

ಹಿತ್ತಲ ಮನೆಯ ಜಮೀಲಾಬೀಯ ಗಂಡ ಕುರಿ ಕೊಯ್ಯುವವನು. ಅವಳು ಬೇಲಿಯಾಚೆಯಿಂದ ಕರೆದಳು. "ಯಮನವ್ವಾ, ಕುರಿ ಕಲೇಜಿ, ಈಲಿ, ಕೊಡ್ತೀನಿ, ಸುಟ್ಟು ತಿನಸು. ಇರುಳುಗಣ್ಣಿಗೆ ಅದಾ ಮದ್ದು."

ಯಮನಮ್ಮ ತೊಟ್ಟಿಲ ಕಡೆ ನೋಡಿದಳು. "ಅಮ್ಮ ಹೋಗ್ಲಿ. ಆಮ್ಯಾಲೆ ಇಸಗೊಂತೀನಿ."

ನಾಲ್ಕನೆಯ ದಿನ ಗಾಳೆಮ್ಮನ ಎಡಗಣ್ಣಿನ ಗುಡ್ಡೆ ಕೆನೆ ಕಟ್ಟಿದಂತೆ ಬೆಳ್ಳಗಾಯಿತು. ಯಮನಮ್ಮ ಯಾರನ್ನೂ ಕೇಳದೆ ಗಾಡಿ ಹತ್ತಿ ಮಗಳನ್ನು ಲಿಂಗಸುಗೂರಿನ ಸರಕಾರಿ ದವಾಖಾನೆಗೆ ಒಯ್ದಳು.

"ಈ ಕಣ್ಣು ಹೋಗೇತಿ," ಎಂದ ಡಾಕ್ಟರ್, ರೆಪ್ಪೆ ಎತ್ತಿ ನೋಡಿ. "ಇನ್ನೊಂದು ಉಳೀಬೇಕಂದ್ರ ದಿನಾ ಈ ಮೀನೆಣ್ಣಿ ಬಾಯಿಗೆ ಹಾಕು. ಕಣ್ಣಿಗೆ ಬೇಕಾದ ಸತ್ವ ಇರೋದು ಕಲೇಜಿ, ಹಾಲು, ನುಗ್ಗಿ ತಪ್ಪಲದಾಗ. ದಡಾರ ಬಂದಾಗ ಮೈಯಾಗಿದ್ದದ್ದೂ ಕರಗತೈತಿ. ನೀವು ಆವಾಗೇ ಎಲ್ಲಾ ಬಂದ್ ಮಾಡ್ತೀರಿ."

"ಮನ್ಯಾಗ ಅಮ್ಮ ಅದಾಳ್ರೀ."

"ಇರಲಿ. ಅಕಿನೂ ತಾಯೀನ ಅಲ್ಲ? ನೀ ಹಾಕು."

ಮನೆಯಲ್ಲಿ ಎಣ್ಣೆಯ ಸೀಸೆ ಬಿಚ್ಚಿದಾಗ ಮೀನಿನ ನಾತ ತೊಟ್ಟಿಲ ತನಕ ಹೋಯಿತು. ಮುದುಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಹೋಗಿ ಕೂತಳು. ಮೂರನೆಯ ದಿನ ಬೆಳಗ್ಗೆ ಕೂಸಿಗೆ ಉಸಿರು ಸಿಗದಾಯಿತು. ಮಧ್ಯಾಹ್ನಕ್ಕೆ ಮಣ್ಣು ಮಾಡಿ ಬಂದರು.

"ಒಂದು ಕಣ್ಣಿನ ಸಲುವಾಗಿ ಅಮ್ಮಗ ನನ್ನ ಮೊಮ್ಮಗನ್ನ ಕೊಟ್ಟಿ," ಎಂದಳು ಮುದುಕಮ್ಮ.

ಹಾಗೇ ಇದ್ದರೂ ಇರಬಹುದೆಂದು ಯಮನಮ್ಮನಿಗೂ ಅನಿಸಿತ್ತು. ಸೀಸೆಯನ್ನು ಎತ್ತಿಕೊಂಡು ಬಿರಡೆ ತೆಗೆದಳು. ಆಮೇಲೆ ಮಗಳ ಗದ್ದ ಹಿಡಿದು, "ಬಾಯಿ ತಗಿ," ಎಂದಳು. ಹುಡುಗಿ ಉಗುಳಿದಳು. ಗಲ್ಲಕ್ಕಿಳಿದ ಎಣ್ಣೆಯನ್ನು ಬೆರಳಿನಿಂದ ಬಳಿದು ಯಮನಮ್ಮ ಮತ್ತೆ ಅವಳ ಬಾಯಿಗಿಟ್ಟಳು.