ಒಂಟಿ ಸೀನಿನ ಎಂಜಿನ್

ಕೊಳೆತ ಕಾಫಿ ಹಣ್ಣಿನ ನಾತ ಮೂಗಿಗೆ ಬಡಿಯದವರು ಪುಣ್ಯವಂತರು. ನನಗೆ ಅದು ಬಡಿದದ್ದಲ್ಲ, ಮೂಗಿನೊಳಗೆ ಹೊಕ್ಕು ಸಂಸಾರವನ್ನೇ ಹೂಡಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಸೋಮವಾರಪೇಟೆಯಿಂದ ಒಳಗೆ ಬೆಳ್ಯಪ್ಪನವರ ತೋಟದಲ್ಲಿ ನಾನು ಆಳು. ಆ ಸಲ ಕುಯ್ಲಿಗೆ ಮೊದಲು ಅವರು ಕೈಯಲ್ಲಿ ತಿರುಗಿಸುವ ಹಳೆಯ ಪಲ್ಪರನ್ನು ಭಾವನಿಗೆ ಕೊಟ್ಟು, ಡೀಸೆಲ್ ಎಂಜಿನ್ನಿನಿಂದ ಓಡುವ ಹೊಸದನ್ನು ತಂದರು. ಹಣ್ಣನ್ನು ಅದರ ಬಾಯಿಗೆ ಸುರಿದರೆ ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ. ಆದರೆ ಕುಯ್ದ ದಿನವೇ ಸುರಿಯಬೇಕು. ರಾಶಿಯಲ್ಲಿ ಬಿಟ್ಟರೆ ಹುಳಿ ಬಂದು ವರ್ಷದ ಬೆಳೆಯೇ ಹಾಳು. ಎಂಜಿನ್ನಿನ ಹ್ಯಾಂಡಲ್ ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಕಾಯಿ ಒಡೆದು ಪೂಜೆ ಮಾಡಿ ಹ್ಯಾಂಡಲ್ ಹೊಡೆದೆ. ಚಳಿಗೆ ನಡುಗುವ ಎತ್ತಿನ ಹಾಗೆ ಎಂಜಿನ್ ಮೈ ಕೊಡವಿತು. ಕೊಳವೆಯಿಂದ ಬಿಳಿ ಹೊಗೆ ಬಿಟ್ಟಿತು, ಗೊಣ್ಣೆಯಂಥ ಕರಿನೀರು ಉಗುಳಿತು, ಆಮೇಲೆ ಒಂದೇ ಒಂದು ಸಲ ಸೀನಿತು. ಸೀನೆಂದರೆ ಎಂಥ ಸೀನು! ಹೆಂಚಿನ ಮೇಲೆ ಮಲಗಿದ್ದ ಬೆಕ್ಕು ಹಾರಿದ್ದು ಪಕ್ಕದ ಊರಲ್ಲಿ ಇಳಿಯಿತು. ಅಲ್ಲಿಯವರು ಅದನ್ನು ವಾಪಸು ಕೊಡಲೇ ಇಲ್ಲ.

ಬೆಳ್ಯಪ್ಪನವರು ಕೈ ಎತ್ತಿದರು. "ನಿಲ್ಸು ಸಣ್ಣಸ್ವಾಮಿ. ಒಂಟಿ ಸೀನು."

ಒಂಟಿ ಸೀನಾದರೆ ಶುರು ಮಾಡಿದ ಕೆಲಸ ನಿಲ್ಲಿಸಿ, ಕೂತು ನೀರು ಕುಡಿದು ಮತ್ತೆ ಹೊರಡಬೇಕು. ಎರಡು ಸೀನಾದರೆ ಶುಭ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಧಣಿಗೆ ಒಂದಿಷ್ಟು ಹೆಚ್ಚೇ ಗೊತ್ತಿತ್ತು. ಹಿಂದೊಮ್ಮೆ ಒಂಟಿ ಸೀನನ್ನು ಲೆಕ್ಕಿಸದೆ ಸಂತೆಗೆ ಹೊರಟವರು ಹಂದಿಗೂಡಿನ ಹಿಂದಿನ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದರು. ಶುರುವಿನಲ್ಲಿ ಎಂಜಿನ್ ಸದ್ದು ಮಾಡುತ್ತದೆ, ಹೆದರಬೇಡಿ ಅಂತ ಮಾರಿದವನು ಹೇಳಿದ್ದನಲ್ಲ ಎಂದು ನಾನು ನೆನಪಿಸಿದೆ. ಸದ್ದು ಅಂದ, ಸೀನು ಅನ್ನಲಿಲ್ಲ ಎಂದರು.

ಸರಿ, ಕೂತೆವು. ನೀರು ಕುಡಿದೆವು, ಎಲೆ ಅಡಿಕೆ ಹಾಕಿದೆವು. ಅಷ್ಟರಲ್ಲಿ ಎಂಜಿನ್ ತಣ್ಣಗಾಯಿತು. ಮತ್ತೆ ಹೊಡೆದರೆ ಮತ್ತೆ ಒಂದೇ ಸೀನು. ಮತ್ತೆ ಕೂತೆವು. ಸಂಜೆಗೆ ನನ್ನ ಹೊಟ್ಟೆಯಲ್ಲಿ ಕಾವೇರಿ ಹೊಳೆಯೇ ತುಂಬಿತ್ತು, ಪಲ್ಪರಿನ ಬಾಯಿಗೆ ಒಂದು ಹಣ್ಣೂ ಬಿದ್ದಿರಲಿಲ್ಲ. ಮರುದಿನವೂ ಹಾಗೇ, ಅದರಾಚೆ ದಿನವೂ ಹಾಗೇ. ಕಣದಲ್ಲಿ ಹರಡಿ ಒಣಗಿಸೋಣವೆಂದರೆ ಮೋಡ ಮುಚ್ಚಿ ಬಿಸಿಲೇ ಇಲ್ಲ. ಗಿಡದಲ್ಲಿ ಹಣ್ಣು ಉದುರುವುದರೊಳಗೆ ಕುಯ್ಯಲೇಬೇಕು, ಕುಯ್ದದ್ದನ್ನು ರಾಶಿಗೆ ಹಾಕಲೇಬೇಕು.

ರಾಶಿ ಬಿಸಿಯಾಯಿತು, ನೊರೆ ಬಂತು, ಕೆಳಗಿನಿಂದ ಲೋಳೆ ಹರಿಯಿತು. ಲೋಳೆಯ ಮೇಲೆ ಬಿಳಿ ಹುಳ ತೆವಳಿದವು. ಕೆಟ್ಟ ಹೆಂಡಕ್ಕೆ ಸತ್ತ ಹೆಗ್ಗಣ ಅದ್ದಿದಂಥ ನಾತ. ಗುದ್ದಲಿ ಹಾಕಿದರೆ ಪಚಕ್ಕೆಂದು ಕಾಲ ಮೇಲೆ ಹಾರುತ್ತಿತ್ತು. ಸೋಮವಾರಪೇಟೆ ಬಸ್ಸಿನ ನೊಣಗಳು ಕಂಡಕ್ಟರ್ ಸೀಟಿ ಊದದಿದ್ದರೂ ನಮ್ಮ ಗೇಟಿನಲ್ಲಿ ಇಳಿಯುತ್ತಿದ್ದವು. ನಾತ ಗಾಳಿ ಹಿಡಿದು ಮಾಕುಟ್ಟದವರೆಗೆ ಹೋಗಿ, ಚೆಕ್‌ಪೋಸ್ಟಿನವರು ಮೂಗು ಮುಚ್ಚಿಕೊಂಡು ಗೇಟು ಎತ್ತಿ ಅದನ್ನು ಕೇರಳಕ್ಕೆ ಬಿಟ್ಟರಂತೆ. ನಾನು ರೊಟ್ಟಿ ಮುರಿದರೂ ಅದೇ ವಾಸನೆ. ಹೆಂಡತಿ ರಾಮಮ್ಮ ನನ್ನ ಚಾಪೆಯನ್ನು ಜಗಲಿಗೆ ಎಸೆದಳು.

ನಾಲ್ಕನೆಯ ಬೆಳಿಗ್ಗೆ ಧಣಿಯ ಹೆಂಡತಿ ಪೂವಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಶೆಡ್ಡಿಗೇ ಬಂದರು.

"ಬಡಿಸಿದ್ರೆ ಅನ್ನ ಯಾವ್ದು ಹುಳ ಯಾವ್ದು ಗೊತ್ತಾಗ್ತಿಲ್ಲ. ಇವತ್ತಿನ ಹಣ್ಣೂ ಆ ರಾಶಿಗೇ ಹೋಗ್ತದಾ?"

"ನಾನು ಎಂಥ ಮಾಡ್ಲಿ?" ಎಂದರು ಧಣಿ. "ಇನ್ನೊಂದ್ಸಲ ಸೀನಿದ್ರೆ ಓಡಿಸ್ತಿದ್ದೆ. ಜಿಪುಣ ಮುಂಡೇದು, ಒಂದೇ ಸೀನ್ತದೆ."

ಪೂವಮ್ಮನವರು ಹಣ್ಣು ಕುಯ್ಯುವ ಗಂಗಮ್ಮಜ್ಜಿಯ ಹತ್ತಿರ ಹೋಗಿ, ಅವಳ ಸೊಂಟದ ಚೀಲದಿಂದ ಏನೋ ಒಂದು ಚಿಟಿಕೆ ತೆಗೆದುಕೊಂಡು ಬಂದು ನಿಂತರು. ನಾನು ಹ್ಯಾಂಡಲ್ ಹೊಡೆದೆ. ಎಂಜಿನ್ ಸೀನಿತು. ಧಣಿ ಕೈ ಎತ್ತುವಷ್ಟರಲ್ಲಿ ಪೂವಮ್ಮನವರು ಬೆರಳನ್ನು ಮೂಗಿಗೆ ಒತ್ತಿ, ಆ ಎಂಜಿನ್ನೇ ನಾಚುವಂತೆ ಸೀನಿದರು. ಗಂಗಮ್ಮಜ್ಜಿಯ ನಶ್ಯ ಅಂಥದ್ದು.

"ಎರಡಾಯ್ತು," ಎಂದರು ಕಣ್ಣು ಒರೆಸಿಕೊಂಡು.

ಧಣಿಯ ಕೈ ಮೇಲೆಯೇ ಇತ್ತು. "ಅದರದ್ದೊಂದು, ನಿಂದೊಂದು. ಸೇರ್ತದಾ?"

"ಒಂದೇ ಮನೇದಲ್ವಾ? ಸೇರ್ತದೆ."

ಧಣಿ ಯೋಚಿಸುತ್ತಲೇ ಇದ್ದರು. ನಾನು ಕಾಯಲಿಲ್ಲ, ಬೆಲ್ಟು ಹಾಕಿ ಹಣ್ಣು ಸುರಿದೆ. ಕೆಂಪು ಸಿಪ್ಪೆ ಹಾರಿತು, ಬೀಜ ತೊಟ್ಟಿಗೆ ಬಿತ್ತು. ಎಂಜಿನ್ ಮಧ್ಯಾಹ್ನದವರೆಗೆ ಒಮ್ಮೆಯೂ ಸೀನದೆ ಓಡಿತು. ಊಟಕ್ಕೆ ನಿಲ್ಲಿಸಿ, ನಾಲ್ಕು ತುತ್ತು ನುಂಗಿ ಬಂದು ಮತ್ತೆ ಹೊಡೆದರೆ ಆಗಲೂ ಸೀನಲಿಲ್ಲ.

ನಶ್ಯ ಹಿಡಿದು ಕಾಯುತ್ತಿದ್ದ ಪೂವಮ್ಮನವರು ಎಂಜಿನ್ನಿನ ಮೈ ಮುಟ್ಟಿ ಸರಕ್ಕನೆ ಕೈ ತೆಗೆದರು. ಬಿಸಿ ಇತ್ತು.

"ಬೆಳಿಗ್ಗೆ ಎದ್ದಾಗ ನೀವು ಎಷ್ಟು ಸಲ ಸೀನ್ತೀರಿ, ಕ್ಯಾಕರಿಸ್ತೀರಿ? ನಾನೇನು ಒಲೆ ಆರಿಸ್ತೀನಾ? ಇದಕ್ಕೂ ಅಷ್ಟೇ, ಚಳಿ. ಮೈ ಬಿಸಿಯಾಗೋದಕ್ಕೆ ಬಿಟ್ರೆ ಸೀನಲ್ಲ. ನೀವು ನಿಲ್ಸಿ ನಿಲ್ಸಿ ತಣ್ಣಗೆ ಮಾಡಿದ್ರಿ."

ಆ ದಿನದ ಹಣ್ಣು ಉಳಿಯಿತು. ಹಳೆಯ ರಾಶಿ ಸತ್ತೇ ಹೋಗಿತ್ತು. ಅದನ್ನು ಗುಂಡಿಗೆ ಹೊರುವ ಕೆಲಸವೂ ನನ್ನ ಪಾಲಿಗೇ ಬಂತು. ಹೊತ್ತಷ್ಟೂ ಬುಟ್ಟಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಲೋಳೆ ಇಳಿಯಿತು. ಸಂಜೆ ಹೊಳೆಯಲ್ಲಿ ಮಿಂದೆ. ಮೀನುಗಳೆಲ್ಲ ದಡ ಹತ್ತಿ ಕೂತವು.

ಮರುದಿನ ಪೂವಮ್ಮನವರು ಬೇಕೆಂದೇ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎಂಜಿನ್ ಹೊಗೆ ಬಿಟ್ಟಿತು, ಕರಿನೀರು ಉಗುಳಿತು, ಒಂಟಿ ಸೀನು ಸೀನಿತು. ಅಭ್ಯಾಸಬಲದಿಂದ ಬೆಳ್ಯಪ್ಪನವರ ಕೈ ಮೇಲೆದ್ದಿತು. ಅವರು ಆಗಷ್ಟೇ ಕುಯ್ದ ಹಣ್ಣಿನ ಬುಟ್ಟಿಗಳನ್ನು ನೋಡಿದರು. ನಾನು ಹೊತ್ತು ಮುಗಿಸದ ಅರ್ಧ ರಾಶಿಯನ್ನೂ ನೋಡಿದರು. ಅಷ್ಟರಲ್ಲಿ ಗಾಳಿ ಅತ್ತಲಿಂದ ಇತ್ತ ತಿರುಗಿತು.

ಎತ್ತಿದ ಕೈ ಸೀದಾ ಮೂಗಿಗೆ ಹೋಯಿತು. ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಓಡಲಿ, ಓಡಲಿ ಎಂದು ಬೀಸಿದರು.