ಮೂರನೆಯ ಮೆಟ್ಟಿಲಿನ ಕವಿತೆ

ಮೇಜಿನ ಎರಡನೆಯ ಖಾನೆಯನ್ನು ಮೇಷ್ಟ್ರು ಸದ್ದಾಗದಂತೆ ಎಳೆಯುತ್ತಿದ್ದರು. ಹಾಳಾದ್ದು, ಅರ್ಧಕ್ಕೆ ಬಂದು ಕಿರ್ರೆಂದಿತು. ಅವರು ಬಾಗಿಲ ಕಡೆ ತಿರುಗಿ ನೋಡಿದರು. ಪಕ್ಕದ ಹಜಾರದಲ್ಲಿ ಕನ್ನಡಕದಂಗಡಿಯವರನ್ನು ಮಲಗಿಸಿದ್ದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಸಾವಿನ ಮನೆಗೆ ಎಲ್ಲರೂ ಹೂವು ತಂದಿದ್ದರೆ ಮೇಷ್ಟ್ರು ಜೇಬಿನಲ್ಲಿ ರಬ್ಬರು ಇಟ್ಟುಕೊಂಡು ಬಂದಿದ್ದರು.

ಖಾನೆಯಲ್ಲಿ ಎಳ್ಳಿನಷ್ಟು ಚಿಕ್ಕ ತಿರುಪುಗಳಿದ್ದವು, ಕಡ್ಡಿ ಮುರಿದ ಫ್ರೇಮುಗಳಿದ್ದವು. ಕವಿತೆಗಳ ಫೈಲು ಮಾತ್ರ ಇರಲಿಲ್ಲ. ಅದರೊಳಗೆ ತಾವು ಪೆನ್ಸಿಲಿನಲ್ಲಿ ಬರೆದ ಒಂದು ಪದವನ್ನು ಬೇರೆಯವರು ನೋಡುವ ಮೊದಲು ಅಳಿಸಬೇಕಿತ್ತು.

"ಏನ್ ಹುಡುಕ್ತಿದ್ದೀರಿ ಮೇಷ್ಟ್ರೇ?"

ಬಾಗಿಲಲ್ಲಿ ಸತ್ತವರ ಭಾವಮೈದುನ ನಿಂತಿದ್ದ.

"ಏನಿಲ್ಲಪ್ಪ... ಅವರ ಕವಿತೆ ಒಂದ್ಸಲ ನೋಡೋಣ ಅಂತ."

"ಫೈಲು ಅಕ್ಕನ ಹತ್ರ ಇದೆ. ವ್ಯಾನು ಹೊರಡೋಕೆ ಮುಂಚೆ ನಿಮ್ಮ ಕೈಲೇ ಒಂದು ಓದಿಸ್ಬೇಕಂತೆ." ಅವನು ಮೂಗೊರೆಸಿಕೊಂಡ. "ನಮ್ಮ ಭಾವನೂ ಒಬ್ರು! ಡಾಕ್ಟ್ರು ಹೇಳ್ತಿದ್ರು, ಹೃದಯ ಹೀಗೆ ಏಕಾಏಕಿ ಕೈಕೊಡಲ್ವಂತೆ, ತಿಂಗಳುಗಟ್ಟಲೆ ಸೂಚನೆ ಕೊಟ್ಟಿರತ್ತಂತೆ. ಈ ಮನುಷ್ಯ ಯಾರ ಹತ್ರಾನೂ ಬಾಯಿ ಬಿಡ್ಲಿಲ್ವಲ್ಲ!"

ಬಿಟ್ಟಿದ್ದರು. ಮೇಷ್ಟ್ರ ಹತ್ತಿರ ಬಿಟ್ಟಿದ್ದರು.

*

"ಇಷ್ಟು ವರ್ಷ ಬೇರೆಯವರ ಕಣ್ಣು ನೋಡಿದ್ದಾಯ್ತು. ಈಗ ನನ್ನನ್ನೇ ಒಂದಿಷ್ಟು ನೋಡ್ಕೊಂಡು ಬರ್ದಿದೀನಿ," ಎಂದು ಅಂಗಡಿಯವರು ಬೇಸಿಗೆಯಲ್ಲಿ ಫೈಲು ತಂದುಕೊಟ್ಟಿದ್ದರು. "ಅಚ್ಚು ಹಾಕ್ಸೋ ಯೋಗ್ಯತೆ ಇದೆಯಾ ಹೇಳಿ. ಮುಲಾಜು ಬೇಡ."

ಮುಲಾಜು ಮೇಷ್ಟ್ರ ಜಾಯಮಾನವೇ ಅಲ್ಲ. ಕಾಲೇಜಿನ ಪಾಠ ಮುಗಿಸಿ ಮನೆಯಲ್ಲಿ ಕೂತ ಮೇಲೆ ಆಸುಪಾಸಿನ ಕವಿಗಳಿಗೆಲ್ಲ ಅವರೇ ತೀರ್ಪುಗಾರರು. ಅವರದೊಂದು ಪದ್ಧತಿ ಇತ್ತು. ಹದವಾಗಿ ಬಂದ ಸಾಲಿಗೆ ಅಡಿಗೆರೆ ಎಳೆಯುವುದು. ಅನುಭವಿಸದೆ ಬರೆದದ್ದು ಅನ್ನಿಸಿದರೆ ಅಂಚಿನಲ್ಲಿ 'ಸುಳ್ಳು' ಎಂದು ಬರೆಯುವುದು. ಅಂಗಡಿಯ ಬಗೆಗಿನ ಕವಿತೆಗೆ ಧಾರಾಳವಾಗಿ ಅಡಿಗೆರೆ ಬಿದ್ದವು. ಮೆಟ್ಟಿಲು ಹತ್ತುವ ಕವಿತೆಗೆ ಸುಳ್ಳು ಬಿತ್ತು.

"ಇದು ಸುಳ್ಳಾ ಮೇಷ್ಟ್ರೇ?" ಅಂಗಡಿಯವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮತ್ತೇನ್ರೀ? ಎದೆಗೆ ಕೈಯಂತೆ, ತಡೀತಾರಂತೆ! ಈ ಎದೆನೋವು ಎಲ್ಲಾ ಕವಿಗಳಿಗೂ ಇದ್ದದ್ದೇ."

"ಎಲ್ರಿಗೂ ಇರತ್ತಾ?"

"ಇಲ್ದಿರೋ ಕವೀನ ನಾನಂತೂ ನೋಡಿಲ್ಲ!"

ಅಂಗಡಿಯವರು ಜೋರಾಗಿ ನಕ್ಕರು. ಟೀಕೆಯನ್ನು ಎಷ್ಟು ಹಗುರಾಗಿ ತಗೊಂಡರು ಮಹಾರಾಯರು ಎಂದು ಮೇಷ್ಟ್ರಿಗೆ ಖುಷಿಯಾಗಿ ಇನ್ನೊಂದು ಲೋಟ ಟೀ ತರಿಸಿದರು.

*

ಅಂಗಡಿಯವರ ಹೆಂಡತಿ ಗಂಡನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಫೈಲು ಮಡಿಲಲ್ಲಿತ್ತು.

"ನಾನು ಒಂದೂ ಓದಿಲ್ಲ. ಅಚ್ಚಾದ ಮೇಲೆ ಓದುವಿಯಂತೆ ಅಂದಿದ್ರು. ನೀವೇ ಆರ್ಸಿ," ಎಂದು ಆಕೆ ಫೈಲು ಚಾಚಿದರು. "ನಿಮ್ಮ ಮಾತಂದ್ರೆ ಅವ್ರಿಗೆ ಅಷ್ಟು ನಂಬಿಕೆ. ಯಾಕೋ ಮೆಟ್ಟಿಲಲ್ಲಿ ನಿಂತು ನಿಂತು ಹತ್ತೋರು, ಡಾಕ್ಟ್ರಿಗೆ ತೋರ್ಸಿ ಅಂತ ನಾನು ಗೋಗರೀತಿದ್ದೆ. ನಿಮ್ಮನೆಯಿಂದ ಬಂದವರು, 'ಮೇಷ್ಟ್ರು ನೋಡಾಯ್ತು ಕಣೇ, ಇದು ಎಲ್ರಿಗೂ ಇರತ್ತಂತೆ' ಅಂತ ನಕ್ಕರು. ನೀವೇನು ನೋಡಿದ್ರೋ, ನಂಗೆ ತಿಳೀಲಿಲ್ಲ. ಅವತ್ತು ಹೊಟ್ಟೆ ತುಂಬ ಉಂಡು ಮಲಗಿದ್ರು. ನಿಮ್ಮ ಉಪಕಾರ ದೊಡ್ಡದು."

ಅಯ್ಯೋ, ಆ ನಗು ಟೀಕೆಗೆ ನಕ್ಕ ನಗುವಲ್ಲ, ನಿರಾಳವಾದ ನಗು! ಇಷ್ಟು ಹೊತ್ತೂ ಮೇಷ್ಟ್ರು ಹೆದರಿದ್ದು ತಮ್ಮ ಮರ್ಯಾದೆಗೆ. ಈಗ ಹಿಡಿದ ಭಯಕ್ಕೆ ರಬ್ಬರು ಸಾಲುತ್ತಿರಲಿಲ್ಲ.

ಅಂಗಡಿಯ ಕವಿತೆ ಮೊದಲೇ ಸಿಕ್ಕಿತು. ಅದನ್ನು ಓದಿ, ಅಚ್ಚಿಗೆ ತಿದ್ದುತ್ತೇನೆಂದು ಫೈಲನ್ನು ಮನೆಗೆ ಒಯ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಬಾಯಿ ತೆರೆದರು. ಉಪಕಾರ ಅನ್ನುವ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಆ ಕವಿತೆಯನ್ನು ಬಿಟ್ಟರು. ಹಾಳೆ ಮಗುಚಿ ಮೆಟ್ಟಿಲಿನ ಕವಿತೆ ತೆಗೆದು, ಅಂಚಿನ ಪದದ ಮೇಲೆ ಹೆಬ್ಬೆರಳು ಒತ್ತಿ ಓದಿದರು:

"ಮೂರನೆಯ ಮೆಟ್ಟಿಲಲ್ಲಿ ಯಾರೋ ಎದೆಗೆ ಕೈಯಿಟ್ಟು ತಡೆಯುತ್ತಾರೆ.
ಅಂಗಡಿಗೆ ಹೊತ್ತಾಯಿತು, ಬಿಡಿ ಅನ್ನುತ್ತೇನೆ.
ಎಡಗೈ ಬೇರೆಯವರದೇನೋ ಅನ್ನುವಂತೆ ಜೋಲುತ್ತದೆ.
ಇವಳಿಗೆ ಕಾಣದ ಹಾಗೆ
ಚೀಲವನ್ನು ಬಲಗೈಗೆ ಬದಲಿಸುತ್ತೇನೆ."

ಎಂಥ ಸಾಲುಗಳು! ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ಮೇಷ್ಟ್ರಿಗೆ ಈಗ ಕೇಳಿಸಿತು.

ಭಾವಮೈದುನ ಹೆಗಲ ಹಿಂದಿನಿಂದ ಬಗ್ಗಿದ. "ಬೆರಳ ಕೆಳಗೆ ಇನ್ನೇನೋ ಬರ್ದಿದೆಯಲ್ಲ, ಅದನ್ನೂ ಓದಿ."

ಮೇಷ್ಟ್ರು ಬೆರಳು ತೆಗೆದರು. ಬೆವರಿಗೆ ಪೆನ್ಸಿಲು ಸ್ವಲ್ಪವೂ ಮಾಸಿರಲಿಲ್ಲ.

"ಸುಳ್ಳು," ಎಂದು ಓದಿದರು.

"ಯಾರು ಬರ್ದಿದ್ದು?" ಆಕೆ ಕೇಳಿದರು.

"ನಾನಮ್ಮ."

ಆಕೆ ಮೇಷ್ಟ್ರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಹೊದಿಕೆ ಸರಿಸಿ, ಗಂಡನ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೊಣಕೈಯಿಂದ ಬೆರಳ ತುದಿಯವರೆಗೆ ಗಟ್ಟಿಯಾಗಿ ತಿಕ್ಕತೊಡಗಿದರು. ವ್ಯಾನಿನ ಚಾಲಕ ಬಾಗಿಲಿಗೆ ಬಂದು ಹೊತ್ತಾಯಿತು ಅಂದ. ಆಕೆ ತಿಕ್ಕುತ್ತಲೇ ಇದ್ದರು.