ದಸ್ತಗೀರಸಾಬನ ಖೋಲಿಗೆ ಸೂರು

ಮಸೀದಿಯಿಂದ ತಂದ ಹಲಗೆಯನ್ನು ಅಂಗಳದಲ್ಲಿ ಇಳಿಸುವುದಕ್ಕೂ ರಹಿಮಾಬಿ ಒಳಗಿನಿಂದ ಬಂದು ಅದರ ಮೇಲೆ ಕುಳಿತುಬಿಡುವುದಕ್ಕೂ ಸರಿಹೋಯಿತು. ಸತ್ತವರನ್ನು ಮಲಗಿಸಿ ಕಡೆಯ ಸ್ನಾನ ಮಾಡಿಸುವ ಹಲಗೆ ಅದು. ಬದುಕಿದ್ದವರು ಅದರ ಮೇಲೆ ಚಕ್ಕಳಮಕ್ಕಳ ಹಾಕಿದ್ದನ್ನು ದೇವಣಗಾಂವದಲ್ಲಿ ಯಾರೂ ಕಂಡಿರಲಿಲ್ಲ. ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಅಳುವುದನ್ನು ಅಲ್ಲಿಗೇ ಬಿಟ್ಟು ಬಾಗಿಲಿಗೆ ಬಂದರು.

“ಏಳವಾ ರಹಿಮಾಬಿ,” ಅಂದ ಗೈಬುಸಾಬ. ಊರಿನ ಮುಸಲ್ಮಾನರಲ್ಲಿ ಯಾವ ಗಂಡಸು ತೀರಿಕೊಂಡರೂ ಈ ಸ್ನಾನ, ಅಂದರೆ ಗುಸ್ಲು, ಮಾಡಿಸುವವನು ಅವನೇ. “ಕಾಸಿದ ನೀರ ಆರಾಕತ್ತಾವ. ಇಳಿಹೊತ್ತಿನ ಅಸರ ನಮಾಜಿಗೆ ಜನಾಜಾ ಹೊತಗೊಂಡ ಮಸೂತಿ ಮುಂದ ಇರಬೇಕು.”

“ಏಳಾಂಗಿಲ್ಲ. ಅವರನ್ನ ಇಲ್ಲಿ ತೊಳಿಯೂದ ಬ್ಯಾಡ. ಹಿತ್ತಲದಾಗ ಅವರು ಕಟ್ಟಿದ ಖೋಲಿ ಐತಿ. ಅದರಾಗ ತೊಳೀರಿ.”

“ಅದಕ್ಕ ಸೂರ ಎಲ್ಲೈತಿ?”

“ಹಾಕ್ರಿ.”

ಎಷ್ಟೋ ಮಂದಿಗೆ ಗುಸ್ಲು ಮಾಡಿಸಿದ್ದ ಗೈಬುಸಾಬನಿಗೆ ಇಂಥ ಕರಾರು ಯಾರೂ ಹಾಕಿರಲಿಲ್ಲ. ಅವನು ಕತ್ತೆತ್ತಿ ಪಕ್ಕದ ಎರಡಂತಸ್ತಿನ ಮನೆಯನ್ನು ನೋಡಿದ. ಮಣ್ಣು ಕೊಡಲು ಬಂದವರಲ್ಲಿ ಅರ್ಧ ಮಂದಿ ಅದರ ಮೇಲೆ ಹತ್ತಿ ನಿಂತಿದ್ದರು.

“ಗುಸ್ಲಿನ ಜಾಗಾಕ್ಕ ಸುತ್ತಲೂ ಮರೆ ಬೇಕು, ಮ್ಯಾಲೂ ಬೇಕು. ಆ ಖೋಲ್ಯಾಗ ಮಲಗಿಸಿದ್ರ ಅಲ್ಲಿ ನಿಂತಾವ್ರಿಗೆಲ್ಲ ಕಾಣತೈತಿ. ಇಲ್ಲಿ ಚಪ್ಪರದ ತಟ್ಟಿ ಕೆಳಗ ಪಡದೆ ಕಟ್ಟೇವಿ. ಹಟಾ ಮಾಡಬ್ಯಾಡ.”

“ಮೂವತ್ತ ವರ್ಷ ಕಂಡ ಕಂಡ ಊರಾಗ ಬಸ್ಸಿನ ಸೀಟಿನ ಮ್ಯಾಲ ಮಲಗ್ಯಾರ,” ಅಂದಳು ರಹಿಮಾಬಿ. “ತಮ್ಮ ಖೋಲ್ಯಾಗ, ತಮ್ಮ ಸೂರಿನ ಕೆಳಗ ಒಂದ ತಾಸ ಮಲಗಿ ಹೋಗಲಿ. ಅಷ್ಟ ಆಗೂತನಾ ನಾ ಈ ಹಲಗಿ ಬಿಟ್ಟ ಏಳಾಂಗಿಲ್ಲ.”

ಬೆಳಿಗ್ಗೆ ಚಹಾ ಕೊಡಲು ಹೋದಾಗ ಗಂಡ ದಸ್ತಗೀರಸಾಬ ಏಳಲಿಲ್ಲ. ಆಗಿನಿಂದ ಅವಳು ಅತ್ತೂ ಇರಲಿಲ್ಲ. ಬಂದವರಿಗೆ ಚಾಪೆ ಹಾಸಿದ್ದು, ನೀರು ಕಾಸಲು ಹಂಡೆ ಕೊಟ್ಟಿದ್ದು, ಎಲ್ಲವನ್ನೂ ತಾನೇ ಮಾಡಿದ್ದಳು. ಈಗ ಕೆಲಸ ಮುಗಿದು ಹಟ ಶುರುವಾಗಿತ್ತು. ಅವಳ ಹಟದ ಮುಂದೆ ಭೀಮಾ ನದಿಯ ಮಹಾಪೂರವೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ ಎಂದು ಊರವರು ಚೇಷ್ಟೆ ಮಾಡುವುದಿತ್ತು.

ಸೂರು ಎಂಬ ಮಾತು ಬಿದ್ದದ್ದೇ ತಡ, ಗೋಡೆಗೆ ಆತು ನಿಂತಿದ್ದ ನಾಲ್ವರಿಗೆ ಜೀವ ಬಂತು. ಮೊದಲು ಬಾಯಿ ಬಿಟ್ಟವನು ಅವಳ ತಮ್ಮ ಫಿರೋಜ. ಸಿಂದಗಿಯಲ್ಲಿ ತಗಡು, ಪೈಪು ಮಾರುವ ಅಂಗಡಿ ಅವನದು.

“ಅದಕ್ಯಾಕ ಇಷ್ಟ ಚಿಂತಿ ಆಪಾ? ನಾ ಕೊಟ್ಟ ತಗಡ ಹಿತ್ತಲದಾಗ ಬಿದ್ದಾವು. ಈಗ ಹೊಚ್ಚಿ ಬಿಡತೇನಿ. ಮಾಮಾ ಸ್ವತಃ ಅಂದಿದ್ರು, ‘ಫಿರೋಜ, ನಿನ್ನ ತಗಡನ ಹಾಕೂದು’ ಅಂತ.”

“ಯಾವಾಗ ಅಂದಾನ?” ಎಂದು ತಿರುಗಿದ ಅಬ್ದುಲರಜಾಕ. ಅವನು ಸತ್ತವನ ಅಣ್ಣ. ಸುದ್ದಿ ಕೇಳಿ ತಾಳಿಕೋಟೆಯಿಂದ ಸಿಕ್ಕ ಬಸ್ಸು ಹಿಡಿದು ಬಂದಿದ್ದ. “ನನ್ನ ಮುಂದ ಅಂದಾನ, ‘ಅಣ್ಣಾ, ನಿಮ್ಮ ತಾಳಿಕೋಟಿ ಹಾಸಗಲ್ಲ ಬಿಟ್ಟ ಬ್ಯಾರೆ ಏನೂ ಹಾಕಾಂಗಿಲ್ಲ’ ಅಂತ. ಒಂದ ಟ್ರ್ಯಾಕ್ಟರ್ ಕಲ್ಲ ಕಳಿಸೇನಿ ನಾ.”

“ಹಿರ್ಯಾರು ಮಾತಾಡೂವಾಗ ನಡುವ ಬಾಯಿ ಹಾಕಬಾರ್ದು,” ಎಂದು ನಡುವೆ ಬಾಯಿ ಹಾಕಿದ ನಿಯಾಜ. ರಹಿಮಾಬಿಯ ಅಕ್ಕನ ಮಗ; ಅವಳ ಗಂಡ ಅವನಿಗೆ ಖಾಲು, ಚಿಕ್ಕಪ್ಪ. ಇಂಡಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಾನೆ. “ಖಾಲು ಸ್ಲ್ಯಾಬಿಗೆ ಹೌದ ಅಂದಿದ್ರು. ಅದಕ್ಕ ಅಲ್ಲ ನಾ ಸಿಮೆಂಟ್ ತಂದ ಇಟ್ಟದ್ದು?”

ಕಡೆಯವನು ಬದುವಿನಾಚೆಯ ಹೊಲದ ಮಾನಪ್ಪ. ಅವನು ಮಾತಾಡುವ ಮುಂಚೆ ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಅದೇ ಹೆಗಲಿಗೆ ಹಾಕಿಕೊಳ್ಳುತ್ತಾನೆ. “ಡ್ರೈವರ ಸಾಹೇಬ್ರು ನನ್ನ ಹೊಲದಾಗಿನ ಬೇವಿನ ಗಿಡಾ ಕಡಿಸಿ ಜಂತಿ ಮಾಡಿಸ್ಯಾರ್ರಿ. ಮಣ್ಣಿನ ಮಾಳಗಿನ ಹಾಕತೇನಿ, ಬ್ಯಾಸಿಗ್ಯಾಗ ತಣ್ಣಗ ಇರತೈತಿ ಅಂತ ನನಗ ಮಾತ ಕೊಟ್ಟಾರ. ಬೇಕಾದ್ರ ಅಕ್ಕಾರನ್ನ ಕೇಳ್ರಿ.”

ಎಲ್ಲರೂ ಅಕ್ಕನವರನ್ನು ನೋಡಿದರು. ರಹಿಮಾಬಿ ಹಣೆ ಚಚ್ಚಿಕೊಂಡಳು.

“ನಿಮ್ಮೊಳಗ ಯಾರೂ ಸುಳ್ಳ ಹೇಳಾಕತ್ತಿಲ್ಲ. ಅದ ತ್ರಾಸ. ಅವರು ನಾಕೂ ಮಂದಿಗೆ ಹೌದ ಅಂದಾರ.”

*

ದಸ್ತಗೀರಸಾಬ ವಸ್ತಿ ಬಸ್ಸಿನ ಡ್ರೈವರ್ ಆಗಿದ್ದವನು. ಸಂಜೆ ಸಿಂದಗಿ ಬಿಟ್ಟು ಯಾವುದೋ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ಉಳಿದು, ನಸುಕಿಗೆ ಮಂದಿಯನ್ನು ತುಂಬಿಕೊಂಡು ಮರಳುವ ಬಸ್ಸು ಅದು. ಹಿಂದಿನ ಉದ್ದ ಸೀಟೇ ಅವನ ಮಂಚ. ಮಗ್ಗುಲು ಬದಲಿಸಿದರೆ ಕೆಳಗೆ ಬೀಳುತ್ತಿದ್ದನಾದ್ದರಿಂದ ಮಗ್ಗುಲು ಬದಲಿಸದೆ ಮಲಗುವುದನ್ನು ಕಲಿತಿದ್ದ. ರಜೆಗೆ ಮನೆಗೆ ಬಂದಾಗಲೂ ಅಷ್ಟು ದೊಡ್ಡ ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಮಲಗುತ್ತಿದ್ದ.

ಅವನ ಗಾಡಿ ಹತ್ತಲು ಸ್ಟಾಪಿಗೇ ಬರಬೇಕೆಂದಿರಲಿಲ್ಲ. ಬದುವಿನ ಮೇಲಿಂದ ಕೈ ಮಾಡಿದರೂ ನಿಲ್ಲುತ್ತಿತ್ತು. ಒಮ್ಮೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕೈ ಬೀಸುತ್ತಿದ್ದವನಿಗೂ ನಿಲ್ಲಿಸಿದ್ದ. ಆ ಮನುಷ್ಯ ತಬ್ಬಿಬ್ಬಾಗಿ, “ನಾ ಬರಾವಲ್ರಿ,” ಅಂದರೆ ಇವನು, “ಇರ್ಲಿ, ನಾಳೆ ಬರ್ರಿ,” ಎಂದು ಗೇರು ಹಾಕಿದ್ದ. ಯಾರಿಗೂ ಇಲ್ಲ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಒಳ್ಳೆಯತನವೆನ್ನುವವರೂ ಇದ್ದರು. ರಹಿಮಾಬಿ ಬೇರೆ ಹೆಸರಿನಿಂದ ಕರೆಯುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವನಿಗೆ ಬೇಕಾದದ್ದು ಇಷ್ಟೇ: ತನ್ನ ಕೈಯಾರೆ ಕಟ್ಟಿದ ಒಂದು ಸಣ್ಣ ಖೋಲಿ. ಇದ್ದ ಮನೆ ರಹಿಮಾಬಿಯ ಅಪ್ಪನದು; ದುಡಿಯುವ ಕಾಲಕ್ಕೆ ಮಲಗಿದ್ದು ಸರಕಾರದ ಬಸ್ಸಿನಲ್ಲಿ. ತನ್ನದೆನ್ನುವ ಸೂರಿನ ಕೆಳಗೆ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ. ಹಿತ್ತಲಲ್ಲಿ ಹಗ್ಗ ಹಿಡಿದು ಅಳತೆ ಹಾಕಿ, ಇಟ್ಟಿಗೆ ಮೇಲೆ ಇಟ್ಟಿಗೆ ತಾನೇ ಇಟ್ಟ.

ಮಾಡುವವನು ಒಬ್ಬನಾದರೆ ಹೇಳುವವರು ಹತ್ತು ಮಂದಿ. ಮೂಡಣಕ್ಕೆ ಕಿಟಕಿ ಇರಲಿ ಅಂದ ಅಣ್ಣ. ಗಾಳಿ ಪಡುವಣದಿಂದ ಬರುತ್ತದೆ ಅಂದ ಮಾನಪ್ಪ. ಬಾಗಿಲು ದಾರಿಯ ಕಡೆಗಿರಲಿ ಅಂದ ಫಿರೋಜ. ಎರಡು ಫೂಟು ಉದ್ದ ಮಾಡಿದರೆ ಮಂಚ ಅಡ್ಡಲಾಗಿಯೂ ಹಿಡಿಯುತ್ತದೆ ಅಂದ ನಿಯಾಜ. ದಸ್ತಗೀರಸಾಬ ಎಲ್ಲರಿಗೂ “ಹೌದ್ರಿ, ಅದೂ ಖರೇನ” ಅಂದ. ಅಂದದ್ದು ಮಾತ್ರವಲ್ಲ, ಮಾಡಿದ. ಬಾಗಿಲು ಎರಡು ಸಲ ಜಾಗ ಬದಲಿಸಿತು. ಕಿಟಕಿ ನಾಲ್ಕು ದಿಕ್ಕಿಗೂ ಆದವು. ಆದರೆ ಕಿಟಕಿ ನಾಲ್ಕಿರಬಹುದು, ಸೂರು ಒಂದೇ ಇರಬೇಕು. ಅಲ್ಲಿಗೆ ಬಂದು ಗಾಡಿ ನಿಂತದ್ದು ನಿಂತೇ ಬಿಟ್ಟಿತು.

*

ನಾಲ್ವರೂ ತೋಳೇರಿಸಿ ಹಿತ್ತಲಿಗೆ ನಡೆದರು. ಹಲಗೆ ಬಿಟ್ಟು ಏಳುವುದಿಲ್ಲವೆಂದು ಆಡಿಬಿಟ್ಟಿದ್ದರಿಂದ ರಹಿಮಾಬಿ, ತನ್ನನ್ನೂ ಸೇರಿಸಿ ಹಲಗೆಯನ್ನು ಹಿತ್ತಿಲ ಬಾಗಿಲಿಗೆ ಎಳೆಸಿಕೊಂಡು ಅಲ್ಲಿಂದ ನೋಡುತ್ತ ಕುಳಿತಳು.

ಮೊದಲು ಫಿರೋಜನ ತಗಡು ಏರಿದವು. ಎರಡು ಫೂಟು ಕಡಿಮೆ ಬಿದ್ದವು.

“ನೋಡ್ರಿ!” ಎಂದು ಕೂಗಿದ ಫಿರೋಜ. “ಬರೋಬ್ಬರಿ ಅಳತಿ ತಗೊಂಡ ತಂದಿದ್ದೆ. ಈ ನಿಯಾಜನ ಮಾತ ಕೇಳಿ ಖೋಲಿ ಬೆಳೀತು!”

“ಮಾಮು, ಖೋಲಿ ಬೆಳೆದ್ರ ತಗಡೂ ಬೆಳೀಬೇಕು,” ಎಂದು ನಿಯಾಜ ತನ್ನ ಸಿಮೆಂಟ್ ಚೀಲಕ್ಕೆ ಕೈ ಹಾಕಿದ. ಕೈಗೆ ಹತ್ತಿದ್ದು ಬಂಡೆ. ಎರಡು ಮಳೆಗಾಲ ಕಾಯ್ದು ಬೇಸತ್ತ ಸಿಮೆಂಟು ಚೀಲದಲ್ಲೇ ಸ್ಲ್ಯಾಬಾಗಿತ್ತು. ಸಿಂದಗಿಯಿಂದ ಹೊಸದು ತರಿಸುತ್ತೇನೆಂದು ಅವನು ಫೋನು ತೆಗೆದ.

“ತಮ್ಮಾ,” ಅಂದ ಗೈಬುಸಾಬ, “ಸ್ಲ್ಯಾಬ ಒಣಗೂತನಾ ಸತ್ತಾವನ ಮಯ್ಯತ್ತ ಇಟಗೊಂಡ ಕೂಡಬೇಕೇನು ನಾವು?”

ಫೋನು ಕಿಸೆಗೆ ಹೋಯಿತು. ಉಳಿದದ್ದು ಕಲ್ಲು ಮತ್ತು ಮಣ್ಣು. ಹಾಸುಗಲ್ಲಿಗೆ ಕೆಳಗೆ ಜಂತಿ ಬೇಕು, ಜಂತಿ ಮಾನಪ್ಪನವು. ಮಾನಪ್ಪ ಟವೆಲ್ ತೆಗೆದು ಮತ್ತೆ ಹಾಕಿಕೊಂಡ.

“ಮಣ್ಣ ಹಾಕತೀರಂದ್ರ ಒಯ್ಯಿರಿ. ಕಲ್ಲಿಗೆ ನಾ ಕೊಡಾಂಗಿಲ್ರಿ.”

“ಮ್ಯಾಲ ಮಣ್ಣ ಬಿತ್ತೋ ಕಲ್ಲ ಬಿತ್ತೋ ಜಂತಿಗೇನ ಗೊತ್ತ ಆಗತೈತೋ ಮಾರಾಯಾ?” ಅಂದ ಅಬ್ದುಲರಜಾಕ.

“ಜಂತಿಗೆ ಆಗಾಂಗಿಲ್ರಿ. ನನಗ ಆಗತೈತಿ.”

“ನನ್ನ ತಮ್ಮ ಸತ್ತ ಬಿದ್ದಾನ!”

“ನನಗೂ ಆಂವ ಗೆಣ್ಯಾನ ಇದ್ದ್ರಿ!”

ದನಿ ಏರಿತು. ಮಣ್ಣಿನ ಮಾಳಿಗೆ ಸೋರುತ್ತದೆ ಎಂದ ಒಬ್ಬ. ತಗಡಿನ ಕೆಳಗೆ ಮನುಷ್ಯ ರೊಟ್ಟಿಯ ಹಾಗೆ ಬೇಯುತ್ತಾನೆ ಎಂದ ಇನ್ನೊಬ್ಬ. ಗೈಬುಸಾಬ ಹಂಡೆಯ ಕೆಳಗೆ ಮತ್ತೆರಡು ಕೊರಡು ಒಟ್ಟಿ ಬಂದ. ರಹಿಮಾಬಿಗೆ ಈ ಜಗಳ ಬಾಯಿಪಾಠ. ಈ ನಾಲ್ವರು ಇಲ್ಲಿ ಕೂಡಿದಾಗಲೆಲ್ಲ ಇದೇ ಜಗಳ, ಇದೇ ಮಾತು, ಇದೇ ಕ್ರಮದಲ್ಲಿ. ಈಗ ತಗಡಿನ ಮಾತು ಮುಗಿದ ಜಾಗದಲ್ಲಿ “ಹೌದ್ರಿ, ಅದೂ ಖರೇನ” ಎಂಬ ದನಿ ಬರಬೇಕಿತ್ತು. ಅವಳು ಕಾದಳು. ಬರಲಿಲ್ಲ. ಗಂಡ ಸತ್ತದ್ದು ಅವಳಿಗೆ ಆಗ ಗೊತ್ತಾಯಿತು. ಬೆಳಗಿನಿಂದ ಎಲ್ಲಿ ಅಡಗಿತ್ತೋ ಆ ಅಳು, ಸೆರಗು ಬಾಯಿಗೆ ಒತ್ತಿದರೂ ನಿಲ್ಲದೆ ಬಂತು.

*

ಹೋದ ವಾರ ಅವಳು ಗಂಡನಿಗೆ ಬೈದಿದ್ದಳು. ಮಂದಿಯೆಲ್ಲ ಚಹಾ ಕುಡಿದು ಹೋಗಿದ್ದರು. ದಸ್ತಗೀರಸಾಬ ಸೂರಿಲ್ಲದ ಖೋಲಿಯಲ್ಲಿ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತಿದ್ದ.

“ಊರ ಮಂದಿಗೆಲ್ಲ ಚಾ ಕಾಸಿ ನನ್ನ ಕೈ ಸೋತಾವು. ಯಾವದರ ಒಂದ ಹಾಕಿ ಮುಗಸ್ರಿ.”

“ಯಾವದ ಹಾಕಲಿ?”

“ನಿಮಗ ಯಾವದ ಬೇಕ ಅದು!”

ಅವನು ಬಹಳ ಹೊತ್ತು ಯೋಚಿಸಿದ. ತನಗೆ ಯಾವುದು ಬೇಕೆಂದು ಅವನನ್ನು ಆವರೆಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

“ನೋಡ ರಹಿಮಾ,” ಅಂದ ಕಡೆಗೆ. “ಗಾಡಿ ತುಂಬೇತಿ ಅಂತ ಬಾಗಲಾ ಹಾಕಿ ಹೊಂಟ್ರ, ಹಿಂದ ಕೈ ಮಾಡಿಕೋತ ನಿಂತಾವ ಕನ್ನಡ್ಯಾಗ ಕಾಣತಾನ. ಅವನ ಮಾರಿ ನನಗ ನೋಡಾಕ ಆಗಾಂಗಿಲ್ಲ. ಒಬ್ಬಂದ ಹಾಕಿದ್ರ ಮೂರ ಮಂದಿ ನಿಂತ ಬಿಡತಾರ.”

“ಎಲ್ಲಾರನ್ನೂ ಹತ್ತಿಸಿಕೋತ ಕೂತ್ರ ಗಾಡಿ ಊರ ಮುಟ್ಟೂದ ಯಾವಾಗ?”

“ಅದೂ ಖರೇನ,” ಎಂದು ಅವನು ನಕ್ಕ. ಅವಳಿಗೆ ಕೈಯಲ್ಲಿದ್ದ ಕಪ್ಪನ್ನು ಎಸೆಯುವಷ್ಟು ಸಿಟ್ಟು ಬಂದಿತ್ತು.

*

ರಹಿಮಾಬಿ ಹಲಗೆ ಬಿಟ್ಟು ಎದ್ದಳು. ಒಳಗೆ ಹೋಗಿ ಟ್ರಂಕಿನಿಂದ ಒಂದು ಹೊಸ ದೊಡ್ಡ ಚಾದರವನ್ನೂ ನಾಲ್ಕು ಸೀರೆಗಳನ್ನೂ ತಂದಳು. ಸೀರೆಗಳನ್ನು ನಾಲ್ಕು ಕಿಟಕಿಗೆ ಕಟ್ಟಲು ಹೆಂಗಸರಿಗೆ ಕೊಟ್ಟು, ಚಾದರದ ಮೂಲೆಗಳನ್ನು ಒಬ್ಬೊಬ್ಬರ ಕೈಗೆ ತುರುಕಿದಳು.

“ನಾಕೂ ಮಂದಿಗೆ ಹೌದ ಅಂದ ಹೋಗ್ಯಾರ. ಅವರ ಹಿಂದ ನಾ ಯಾರಿಗೂ ಇಲ್ಲ ಅನ್ನಾಂಗಿಲ್ಲ. ಖೋಲಿಗೆ ನಾಕ ಮೂಲಿ ಅದಾವ. ಹತ್ತಿ ಹಿಡೀರಿ.”

“ಗ್ವಾಡಿ ಮ್ಯಾಲ ಹಾಸಿ ಇಟ್ಟಂಗಿ ಹೇರಿದ್ರ ಆತಲ್ಲ ಆಪಾ?” ಅಂದ ಫಿರೋಜ.

“ಇಟ್ಟಂಗಿ ಜಾರಿ ಅವರ ಮ್ಯಾಲ ಬಿದ್ರ? ಸೂರ ನಾ ಹಾಕತೇನಿ, ನಾ ಹಾಕತೇನಿ ಅಂತ ಬಡದಾಡಿದ್ರಲ್ಲ. ಈಗ ಹಾಕ್ರಿ.”

ಗೈಬುಸಾಬ ಮೇಲೆ ನೋಡಿದ, ಪಕ್ಕದ ಮಾಳಿಗೆಯನ್ನು ನೋಡಿದ, ತಲೆಯಾಡಿಸಿದ. “ನಡೀತೈತಿ. ಮಾರಿ ಆ ಕಡೆ ಮಾಡಿಕೊಂಡ ನಿಂದರ್ರಿ. ಯಾರೂ ಒಳಗ ಇಣಕಬ್ಯಾಡ್ರಿ.”

ಅಬ್ದುಲರಜಾಕ ಕಲ್ಲಿನ ರಾಶಿ ಹತ್ತಿದ, ಮಾನಪ್ಪ ಜಂತಿಯ ರಾಶಿ. ಉಳಿದಿಬ್ಬರು ಸಿಕ್ಕಿದ್ದನ್ನು ಏರಿದರು. ಬೆನ್ನನ್ನು ಖೋಲಿಗೆ ಕೊಟ್ಟು, ತಲೆಯ ಮೇಲೆ ಕೈಯೆತ್ತಿ ಚಾದರ ಹಿಡಿದರು. ಹಲಗೆ ಒಳಗೆ ಹೋಯಿತು. ಅದರ ಹಿಂದೆ ಬಿಳಿ ಬಟ್ಟೆಯಲ್ಲಿ ದಸ್ತಗೀರಸಾಬ ಹೋದ. ಎರಡು ಸಲ ಜಾಗ ಬದಲಿಸಿದ ಬಾಗಿಲಿಗೆ ಪರದೆ ಬಿತ್ತು.

ಒಳಗೆ ನೀರು ಸುರಿಯುವ ಸದ್ದು ಶುರುವಾಯಿತು.

“ರಜಾಕಸಾಬ್ರ, ನಿಮ್ಮ ಮೂಲಿ ಇಳಿದೈತ್ರಿ,” ಎಂದು ಪಿಸುಗುಟ್ಟಿದ ಮಾನಪ್ಪ, ತಿರುಗದೆ.

“ಇಳೀಬೇಕು. ನೀರ ಹರದ ಹೋಗಾಕ ಇಳಕಲ ಬ್ಯಾಡೇನು?”

“ಇಳಕಲ ನನ್ನ ಕಡೆ ಕೊಡ್ರಿ,” ಅಂದ ಫಿರೋಜ. “ಗಟಾರ ಈ ಕಡೆ ಐತಿ.”

“ನಡುವ ಜೋತ ಬಿದ್ದೈತಿ. ಜಗ್ಗಿ ಹಿಡೀರಿ, ಜಗ್ಗಿ,” ಅಂದ ನಿಯಾಜ.

“ಸುಮ್ಮನ ನಿಂದರತೀರೋ ಇಲ್ಲೋ!” ಎಂದು ಒಳಗಿನಿಂದ ಗದರಿಸಿದ ಗೈಬುಸಾಬ.

ರಹಿಮಾಬಿ ಹಿತ್ತಿಲ ಬಾಗಿಲಲ್ಲಿ ನಿಂತು ಖೋಲಿಯನ್ನು ನೋಡುತ್ತಿದ್ದಳು. ಹೊಳೆಯ ಕಡೆಯಿಂದ ಬಂದ ಗಾಳಿಗೆ ಚಾದರ ಉಬ್ಬಿ ಮೇಲೇಳುತ್ತಿತ್ತು. ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ ಅದನ್ನು ಕೆಳಗೆ ಜಗ್ಗುತ್ತಿದ್ದರು. ಮಾನಪ್ಪನ ಮೂಗಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು, ಅಬ್ದುಲರಜಾಕನ ಗಡ್ಡ ತೊಯ್ದಿತ್ತು. ಕಣ್ಣು ಒರೆಸಿಕೊಳ್ಳಲು ನಾಲ್ವರಲ್ಲಿ ಯಾರಿಗೂ ಕೈ ತೆರವಿರಲಿಲ್ಲ.